ಒಂದು ಕ್ವಿಂಟಲ್ ನಾಲ್ಕರ ಸ್ಪ್ರಿಂಗು

ಹೆಣ್ಣು ನೋಡಲು ಹೋದ ದಿನ ಶಿಲ್ಪಾಳ ಸೋದರಮಾವ ಅವಲಕ್ಕಿಯ ತಟ್ಟೆ ಮುಂದಕ್ಕೆ ತಳ್ಳುತ್ತ, "ತೂಕ ಎಷ್ಟ್ ಅದೀರಿ?" ಎಂದು ಕೇಳಿದ್ದ. ಭರತ ಹೊಟ್ಟೆಯನ್ನು ಒಳಗೆಳೆದುಕೊಂಡು "ಎಪ್ಪತ್ತೆಂಟು" ಎಂದಿದ್ದ. ಆಗಲೂ ಅದು ಸುಳ್ಳೇ. ಮದುವೆಯಾಗಿ ಮೂರು ವರ್ಷ ಕಳೆದರೂ ಆ ಅಂಕಿಯನ್ನು ಅವನು ಬಿಟ್ಟುಕೊಟ್ಟಿರಲಿಲ್ಲ. ಹೆಸರು ಬದಲಾಗುವುದಿಲ್ಲ, ಊರು ಬದಲಾಗುವುದಿಲ್ಲ, ತೂಕವೊಂದು ಯಾಕೆ ಬದಲಾಗಬೇಕು?

ದಾಸನಕೊಪ್ಪದ ಈ ಭರತನಿಗೆ ಶಿರಸಿಯ ಬೇಕರಿಯೊಂದರಲ್ಲಿ ಕೆಲಸ. ಕೇಕು ಮಾಡುವವನಲ್ಲ, ಮಾಡಿದ್ದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹಳ್ಳಿಗಳಿಗೆ ಮುಟ್ಟಿಸುವವನು. ಈಗ ಕೇಕಿಲ್ಲದೆ ಯಾವ ಹಳ್ಳಿಯಲ್ಲೂ ಯಾರಿಗೂ ವಯಸ್ಸಾಗುವುದಿಲ್ಲ. ಕೇಕನ್ನು ಚೌಕ ಮಾಡುವಾಗ ಕತ್ತರಿಸಿ ತೆಗೆದ ಅಂಚುಗಳು ಬೇಕರಿಯಲ್ಲಿ ಒಂದು ಬುಟ್ಟಿಗೆ ಬೀಳುತ್ತಿದ್ದವು. ಅನ್ನ ದೇವರು ಎಂದು ನಂಬಿದ ಮನೆಯ ಹುಡುಗ ಭರತ. ಬುಟ್ಟಿಯನ್ನು ಒಂದು ದಿನವೂ ಹಾಳಾಗಲು ಬಿಟ್ಟವನಲ್ಲ.

ಬೈಕು ಸೆಕೆಂಡ್ ಹ್ಯಾಂಡ್. ಮಾರಿದವನು ಯಲ್ಲಾಪುರದ ಒಬ್ಬ ಕಡ್ಡಿಯಂಥ ಮನುಷ್ಯ. ಅವನ ಕಾಲದಲ್ಲಿ ಅದರ ಹಿಂದಿನ ಶಾಕಬ್ಸರುಗಳು ಸುಖವಾಗಿದ್ದಿರಬೇಕು. ಭರತ ಹತ್ತಿ ಕೂತ ದಿನದಿಂದ ಅವು ಕುಗ್ಗಿದವು ಕುಗ್ಗಿದಂತೆಯೇ ಉಳಿದವು. ರಸ್ತೆಗೆ ಅಡ್ಡ ಕಟ್ಟಿದ ಹಂಪು ಬಂದರೆ ಸಾಕು, ಹಿಂದಿನಿಂದ 'ಠಪ್' ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ನಮ್ಮ ಕಡೆ ಮನೆಗೊಂದು ತುಳಸಿಕಟ್ಟೆ ಇದ್ದ ಹಾಗೆ ಈಗ ಮನೆಯೆದುರಿಗೊಂದು ಹಂಪು. ಭೈರುಂಬೆಗೆ ಒಯ್ದ ಕೇಕಿನ ಮೇಲಿನ ಗುಲಾಬಿ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಇನ್ನೊಂದರಲ್ಲಿ 'ಸ್ಫೂರ್ತಿ' ಎಂಬ ಹೆಸರು ಕಲಸಿ ಹೋಗಿ, ಹುಟ್ಟುಹಬ್ಬದ ಹುಡುಗಿ ಇದು ಯಾರ ಕೇಕು ಎಂದು ಅತ್ತಿದ್ದಳು.

ಭರತ ರಸ್ತೆಯನ್ನು ಬೈದ, ಪಂಚಾಯತಿಯನ್ನು ಬೈದ, ಕ್ರೀಮನ್ನು ಬೈದ. ಅವನ ತಾಯಿ ಶಾರದವ್ವ ತನ್ನ ಹಳೆಯ ಕೌದಿಯನ್ನು ಮಡಚಿ ಡಬ್ಬಿಯ ಕೆಳಗೆ ಹಾಸಿಕೊಟ್ಟಳು. ಕೇಕು ಆಗಲೂ ಕುಸಿಯಿತು. ಜತೆಗೆ ನುಸಿಗುಳಿಗೆಯ ವಾಸನೆಯೂ ಸೇರಿತು. ಕೊನೆಗೆ ಊರಿನ ಮೆಕ್ಯಾನಿಕ್ ಕಿರಣನ ಹತ್ತಿರ ಹೋದ. ಶಾಕಬ್ಸರಿನ ಬುಡದಲ್ಲಿ ಸ್ಪ್ರಿಂಗನ್ನು ಬಿಗಿ ಮಾಡುವ ಹಲ್ಲಿನ ಕಟ್ಟನ್ನು ತಿರುಗಿಸುವ ಮೊದಲು ಕಿರಣ ಕೇಳಿದ: "ತೂಕ ಎಷ್ಟಣ್ಣಾ?"

ಬಾಯಿಗೆ ರೂಢಿಯಾಗಿತ್ತು. "ಎಪ್ಪತ್ತೆಂಟು."

ಕಿರಣ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಗಿರಾಕಿ ದೇವರು ಎಂದುಕೊಂಡು ಎಪ್ಪತ್ತೆಂಟಕ್ಕೇ ಬಿಗಿ ಮಾಡಿಕೊಟ್ಟ. ಮರುದಿನ ಮತ್ತೊಂದು ಕೇಕು ಮಲಗಿತು.

ಅಂದು ಬೇಕರಿಯ ಮಾಲಕ ವೆಂಕಟ್ರಮಣ ಕೂಗಾಡಲಿಲ್ಲ. ಅದೇ ಭಯದ ವಿಷಯ. "ನೋಡು ಭರತ, ಹೇರೂರಿನ ಚೌಡಮ್ಮಂಗೆ ಎಂಬತ್ತು ತುಂಬ್ತದೆ. ಮೊಮ್ಮಕ್ಕಳು ಎರಡಂತಸ್ತಿನ ಕೇಕ್ ಹೇಳಿದಾರೆ, ಭಾನುವಾರಕ್ಕೆ. ಅದೂ ಮಲಗಿಬಿಟ್ರೆ ನೀನು ಶಿರಸಿಗೆ ತಿರುಗಿ ಬರೋದೇ ಬೇಡ. ಅಲ್ಲಿಂದ್ಲೇ ಸೀದಾ ಮನೆಗೆ ಹೋಗು."

ಶನಿವಾರ ಬೆಳಗ್ಗೆ ಭರತ ಖಾಲಿ ಕೇಕಿನ ಡಬ್ಬಿಯ ಸಮೇತ ಕಿರಣನ ಗ್ಯಾರೇಜಿನಲ್ಲಿದ್ದ. ಕಿರಣ ಎರಡು ಜೋಡಿ ಸ್ಪ್ರಿಂಗು ತಂದಿಟ್ಟ. "ಹಳೇ ಸ್ಪ್ರಿಂಗ್ ಎಷ್ಟ್ ಬಿಗಿ ಮಾಡಿದ್ರೂ ಉಪಯೋಗ ಇಲ್ಲಣ್ಣಾ. ಬ್ಯಾರೆ ಹಾಕ್ಬೇಕು. ನೀ ಕುಂತಾಗ ಅದು ಮೂರರಾಗ ಒಂದ್ ಪಾಲು ಕುಗ್ಗಬೇಕು, ಉಳಿದಿದ್ದು ಹಂಪಿಗೆ ಇರಬೇಕು. ನೀ ಕುಂತ ಕೂಡ್ಲೇ ಎಲ್ಲಾ ಕುಗ್ಗಿದ್ರ ಹಂಪಿಗೆ ಏನ್ ಉಳೀತು? ಖರೇ ತೂಕ ಹೇಳು. ಅಳತಿ ನೋಡಾಕ ಅಕ್ಕಗ ಟೇಪ್ ತರಾಕ ಹೇಳೇನಿ, ನಂದು ಕಳದೈತಿ."

ಭರತನ ಎದೆ 'ಠಪ್' ಎಂದಿತು. ಕಿರಣ ಅಕ್ಕ ಎಂದು ಕರೆಯುವುದು ಶಿಲ್ಪಾಳನ್ನು. ಮನೆಯಲ್ಲಿ ಬಟ್ಟೆ ಹೊಲಿಯುವವಳು. ಅವಳು ಆಗಲೇ ಕೊರಳಿಗೆ ಟೇಪು ಹಾಕಿಕೊಂಡು ರಸ್ತೆ ದಾಟುತ್ತಿದ್ದಳು. ಅವಳೆದುರು ಖರೇ ತೂಕ ಹೇಳಿದರೆ ಸೋದರಮಾವನ ಅವಲಕ್ಕಿಯವರೆಗೂ ಮಾತು ಹೋಗುತ್ತದೆ. ಹೇಳದಿದ್ದರೆ ಚೌಡಮ್ಮನ ಕೇಕು ಹೋಗುತ್ತದೆ, ಅದರ ಹಿಂದೆ ಕೆಲಸವೂ.

"ಖರೇ ತೂಕ ನಂಗೂ ಗೊತ್ತಿಲ್ಲೋ," ಎಂದ. ಅದು ಮಾತ್ರ ನಿಜವಾಗಿತ್ತು.

ಎದುರಿಗೆ ಬಸಪ್ಪಜ್ಜನ ಗೋವಿನಜೋಳದ ವಖಾರಿ. ಬೈಕಿಗೆ ಬೀಳುವ ಭಾರವೆಲ್ಲ ಲೆಕ್ಕಕ್ಕೆ ಬರಲೆಂದು ಹೆಲ್ಮೆಟ್ ಹಾಕಿಕೊಂಡು, ಡಬ್ಬಿ ತಬ್ಬಿಕೊಂಡು, ಅಷ್ಟು ದೊಡ್ಡ ಗಂಡಸು ಚೀಲ ತೂಗುವ ತಕ್ಕಡಿಯ ಮೇಲೆ ನಿಂತ. ತೂಕವನ್ನು ರೈತರಿಗೆಲ್ಲ ಕೇಳುವಂತೆ ಕೂಗಿ ಹೇಳುವುದು ಬಸಪ್ಪಜ್ಜನ ನಲವತ್ತು ವರ್ಷದ ರೂಢಿ.

"ಒಂದ್ ಕ್ವಿಂಟಲ್ ನಾಕು!"

ಜೋಳ ತಂದಿದ್ದವರೆಲ್ಲ ತಿರುಗಿ ನೋಡಿದರು. "ಅಜ್ಜಾ, ಮೆಲ್ಲಕ," ಎಂದು ಭರತ ಗೋಗರೆದ.

"ಯಾಕಲೇ? ಚೀಲದ ತೂಕ ಕಳೀಬೇಕೇನು?" ಬಸಪ್ಪಜ್ಜ ಅವನ ಮುಖದ ಬೆವರು ನೋಡಿದ. "ಮಾಲು ಹಸಿ ಐತಿ. ಒಣಗಿಸ್ಕೊಂಡ್ ಬಾ, ಎರಡ್ ಕೇಜಿ ಇಳೀತೈತಿ."

ವಖಾರಿಯೆಲ್ಲ ನಕ್ಕಿತು. ಭರತ ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಿದ. ಶಿಲ್ಪಾಳೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

"ಶಿಲ್ಪಾ, ನಿಮ್ಮ ಮಾವಗ ನಾ ಆವತ್ತು ಹೇಳಿದ್ದು..."

"ರೀ, ನಿಮ್ಮ ಅಂಗಿ ಹೊಲಿಯಾಕಿ ನಾನ," ಎಂದಳು ಅವಳು. "ವರ್ಷಕ್ಕ ಎಷ್ಟ್ ಬಿಚ್ಚಿ ಅಗಲ ಮಾಡೇನಿ ಅಂತ ನನಗ ಗೊತ್ತಿಲ್ಲೇನು? ಎಪ್ಪತ್ತೆಂಟಂತ, ಎಪ್ಪತ್ತೆಂಟು! ನಮ್ಮ ಮಾವ ಆವತ್ತ ನೀವು ಹೋದ ಮ್ಯಾಲ, ಹುಡುಗ ತೂಕದಾಗ ಸುಳ್ಳು ಹೇಳ್ತಾನ, ಉಳಿದದ್ದರಾಗ ಛಲೋ ಅದಾನ ಅಂದಿದ್ರು. ಬರ್ರಿ, ಕೇಕಿನ ಕೆಲಸ ನೋಡೂಣು."

ಮೂರು ವರ್ಷ ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಭರತ ಹೊರಗೆ ಬಿಟ್ಟ. ಅಂಗಿಯ ಗುಂಡಿಯೊಂದು ಜಗ್ಗಿತು. ಜಗ್ಗಲಿ, ಹೊಲಿದವಳು ಪಕ್ಕದಲ್ಲೇ ಇದ್ದಾಳೆ.

ಮರ್ಯಾದೆ ಹೋದಮೇಲೆ ಅವನಿಗೆ ಎಲ್ಲಿಲ್ಲದ ಹುರುಪು. "ಎರಡರಾಗ ಗಟ್ಟೀದು ಯಾವುದೈತಿ ಅದನ್ನೇ ಹಾಕು," ಎಂದ. ಕಿರಣ ಹಾಕಿದ. ಭರತ ಧಡ್ಡನೆ ಕೂತ. ಬೈಕು ಕಲ್ಲುಬೆಂಚಿನಂತೆ ಕದಲಲಿಲ್ಲ. ಗ್ಯಾರೇಜಿನ ಎದುರಿನ ಹಂಪಿನ ಮೇಲೆ ಹೋಗಿಬಂದರೆ ಮೇಕೆಯಂತೆ ನೆಗೆಯಿತು. ಡಬ್ಬಿಯೊಳಗೆ ಶಿಲ್ಪಾ ಕೇಕಿನ ಬದಲು ಮನೆಯಿಂದ ತಂದು ಇಟ್ಟಿದ್ದ ಮೊಸರಿನ ಗಡಿಗೆ ಮುಚ್ಚಳ ಬಿಚ್ಚಿಕೊಂಡು ಚೆಲ್ಲಿತ್ತು.

"ಅದು ಹಾಲಿನ ಕ್ಯಾನ್ ಹೇರ್ಕೊಂಡ್ ಹೋಗೋರಿಗೆ," ಎಂದು ಕಿರಣ ತಲೆ ಕೆರೆದುಕೊಂಡ. "ನೀ ಅಷ್ಟೇನ್ ಆಗಿಲ್ಲ ಬಿಡು."

ತನಗಿಂತ ಭಾರದ ವಸ್ತು ಲೋಕದಲ್ಲಿದೆ ಎಂಬುದು ಭರತನಿಗೆ ಅಂದಿನ ಎರಡನೇ ನೆಮ್ಮದಿ.

ಇನ್ನೊಂದು ಜೋಡಿ ಹಾಕಿದರು. ಬೈಕನ್ನು ಎತ್ತಿ ನಿಲ್ಲಿಸಿ, ಸೀಟಿನ ಕೆಳಗೆ ಶಿಲ್ಪಾ ತನ್ನ ಬಟ್ಟೆಯ ಸೀಮೆಸುಣ್ಣದಿಂದ ಗೆರೆ ಎಳೆದಳು. ಅಲ್ಲಿಂದ ಹಿಂದಿನ ಚಕ್ರದ ನಡುವಿನವರೆಗೆ ಟೇಪು ಹಿಡಿದಳು. ಆಮೇಲೆ ಭರತ ಡಬ್ಬಿ ಕಟ್ಟಿ, ಹೆಲ್ಮೆಟ್ ಹಾಕಿ ಕೂತ. ಕಿರಣ ಬೈಕನ್ನು ನೆಟ್ಟಗೆ ಹಿಡಿದುಕೊಂಡ. ಶಿಲ್ಪಾ ಮತ್ತೆ ಅಳೆದಳು. ಸ್ವಲ್ಪ ಹೆಚ್ಚು ಕುಗ್ಗಿತ್ತು. ಕಿರಣ ಬುಡದ ಕಟ್ಟನ್ನು ಒಂದು ಹಲ್ಲು ಬಿಗಿ ಮಾಡಿದ.

"ಹೊಟ್ಟಿ ಒಳಗ ಎಳ್ಕೊಬ್ಯಾಡ್ರಿ," ಎಂದಳು ಶಿಲ್ಪಾ. "ಟೇಪಿಗೆ ನಿಮ್ಮ ಹೊಟ್ಟಿ ಕಾಣಂಗಿಲ್ಲ." ಮೂರನೇ ಸಲದ ಅಳತೆಗೆ ಅವಳು ಕುಪ್ಪಸದ ತೋಳು ಸರಿಬಂದಾಗ ಮಾಡುವ ಹಾಗೆ ತಲೆಯಾಡಿಸಿದಳು. ಹಂಪಿನ ಮೇಲೆ ಹೋಗಿಬಂದರೆ, ಗಡಿಗೆಯಲ್ಲಿ ಉಳಿದಿದ್ದ ಮೊಸರು ಉಳಿದಂತೆಯೇ ಇತ್ತು.

ಭಾನುವಾರ ಹೇರೂರಿನ ದಾರಿಯಲ್ಲಿ ಭರತ ಪ್ರತಿ ಹಂಪಿಗೂ ಉಸಿರು ಹಿಡಿದ. 'ಠಪ್' ಬರಲಿಲ್ಲ. ಬೈಕು ಮೆಲ್ಲಗೆ ಕೂತು, ಮೆಲ್ಲಗೆ ಎದ್ದು ಮುಂದೆ ಹೋಗುತ್ತಿತ್ತು. ಆದರೂ ಚೌಡಮ್ಮನ ಮನೆಯಂಗಳದಲ್ಲಿ ಮುಚ್ಚಳವನ್ನು ಮೊದಲು ಒಂದು ಮೂಲೆಯಿಂದಷ್ಟೇ ಎತ್ತಿ ಇಣುಕಿದ. ಎರಡಂತಸ್ತೂ ನೆಟ್ಟಗೆ ನಿಂತಿದ್ದವು. ಮೇಲೆ 'ಚೌಡಮ್ಮ' ಎಂಬ ಹೆಸರು ಒತ್ತಕ್ಷರ ಸಮೇತ ಓದುವಂತಿತ್ತು.

ಅಲ್ಲಿಂದಲೇ ಮಾಲಕನಿಗೆ ಫೋನು ಮಾಡಿದ. ಆ ಕಡೆಯಿಂದ ವೆಂಕಟ್ರಮಣ ಕೇಳಿದ: "ಹೌದನಾ? ನಿಂತಿದ್ಯಾ? ಹಂಗಾರೆ ನಾಳೆ ಬೇಗ ಬಾ. ಸಿದ್ದಾಪುರಕ್ಕೆ ಒಂದು ಅದೆ."

ಭರತ ಜಗುಲಿಯ ಮೇಲೆ ಕೂತ. ಚೌಡಮ್ಮ ತನ್ನ ಕೈಯಾರೆ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಎಂಬತ್ತು ವರ್ಷದ ಕಣ್ಣನ್ನು ಕಿರಿದು ಮಾಡಿ ನೋಡಿ, "ತಿನ್ನು ಮಗಾ, ಎಷ್ಟು ಸೊರಗಿ ಹೋಗಿದ್ಯೋ!" ಎಂದಳು.

ಜನ್ಮದಲ್ಲಿ ಮೊದಲ ಸಲ ಕೇಳಿದ ಮಾತು. ಅದನ್ನು ಶಿಲ್ಪಾಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಅವನು ತಟ್ಟೆ ಖಾಲಿ ಮಾಡಿದ. ಚೌಡಮ್ಮ ಎರಡನೇ ತುಂಡು ತಂದಾಗ ಮಾತ್ರ ಕೈ ಅಡ್ಡ ಹಿಡಿದ.

"ಬೇಡಜ್ಜಿ. ಗಾಡಿಗೆ ಈಗಷ್ಟೇ ಅಳತಿ ಹೊಂದೇತಿ."