ಎರಡು ಹನಿ ಅಯೋಡಿನ್

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಬಿ.ಎಸ್ಸಿ. ಡಿಗ್ರಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಅಮ್ಮ, ಅಣ್ಣ, ಅತ್ತಿಗೆಯ ಜೊತೆಗಿದ್ದೆ. ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಕಾರಣ ಹೇಳುವವಳು ನಾನೇ.

ಗೌರಿಹಬ್ಬದ ಬೆಳಿಗ್ಗೆ ಅತ್ತಿಗೆ ಕತ್ತಿಗೆ ಅಡ್ಡಿಕೆ ಇಟ್ಟುಕೊಂಡು, ಹಿಂದಿನ ಕೊಂಡಿ ಸಿಕ್ಕಿಸು ಎಂದರು. ಹೋದ ವರ್ಷ ಸಲೀಸಾಗಿ ಕೂತಿದ್ದ ಸರ ಈ ಸಲ ಒಂದು ಬೆರಳಷ್ಟು ಸಾಲದು. ಮುಂದೆ ಬಂದು ನೋಡಿದರೆ ಗಂಟಲಿನ ಕೆಳಗೆ ಊತ. ಹೇಳಿಕೊಳ್ಳಲು ನಾಚಿಕೆ, ನನಗೆ ಖುಷಿಯಾಯಿತು. ಗಳಗಂಡ, ಅಯೋಡಿನ್ ಕೊರತೆಯಿಂದ ಬರುವುದು. ಹಿಂದಿನ ವಾರವಷ್ಟೇ ಎಂಟನೇ ಕ್ಲಾಸಿಗೆ ನೋಟ್ಸ್ ಬರೆಸಿದ್ದೆ. ಡಾಕ್ಟರಿಗೆ ತೋರಿಸೋಣವೇ ಎಂದು ಅತ್ತಿಗೆ ಕೇಳಿದರು. ಇಷ್ಟಕ್ಕೆಲ್ಲ ಡಾಕ್ಟರು ಯಾಕೆ ಎಂದೆ.

ಶಾಲೆಯ ಲ್ಯಾಬಿನಲ್ಲಿ ಆಲೂಗಡ್ಡೆ ಹೋಳಿನ ಮೇಲೆ ಬಿಟ್ಟು ನೀಲಿ ಬಣ್ಣ ತೋರಿಸುವ ಅಯೋಡಿನ್ ದ್ರಾವಣವಿತ್ತು. ಒಂದು ಸಣ್ಣ ಸೀಸೆಗೆ ಬಗ್ಗಿಸಿಕೊಂಡು ಬಂದೆ. ದಿನಾ ಬೆಳಿಗ್ಗೆ ಒಂದು ಲೋಟ ನೀರಿಗೆ ಇಂಕ್ ಫಿಲ್ಲರಿನಿಂದ ಎರಡು ಹನಿ. "ನಾನೂ ಆಲೂಗಡ್ಡೆ ಥರ ನೀಲಿ ಆಗ್ಬಿಡ್ತೀನೇನೇ?" ಎಂದು ನಗುತ್ತಾ ಅತ್ತಿಗೆ ಕುಡಿದರು.

ಊತ ಇಳಿಯಲಿಲ್ಲ. ಹನಿ ನಾಲ್ಕಾಯಿತು. ಅತ್ತಿಗೆಯ ಮುಖ ಊದಿಕೊಂಡಿತು, ದನಿ ಒಡೆಯಿತು, ಬಾಚಣಿಗೆ ತುಂಬ ಕೂದಲು. ಯುಗಾದಿಯ ಬಿಸಿಲಿನಲ್ಲೂ ಸ್ವೆಟರ್ ಬಿಚ್ಚಲೊಲ್ಲರು, ಕೂತಲ್ಲೇ ನಿದ್ದೆ. ಸೊಸೆಗೆ ಮೈಗಳ್ಳತನ ಎಂದು ಅಮ್ಮ ಗೊಣಗಿದಾಗ ನಾನೂ ಹೂಂಗುಟ್ಟಿದೆ. ಔಷಧಿ ಕೊಟ್ಟವಳು ನಾನು. ಅದು ಕೆಲಸ ಮಾಡದಿದ್ದರೆ ತಪ್ಪು ಅತ್ತಿಗೆಯದೇ ಇರಬೇಕಲ್ಲ.

ಒಂದು ದಿನ ಈಳಿಗೆಮಣೆಯ ಮುಂದೆ ಹುರುಳಿಕಾಯಿ ಹೆಚ್ಚುತ್ತಾ ತೂಕಡಿಸಿ ಬೆರಳು ಕುಯ್ದುಕೊಂಡರು. ಅಣ್ಣ ಫ್ಯಾಕ್ಟರಿಯಲ್ಲಿದ್ದ, ನಾನೇ ವಿಲ್ಸನ್ ಗಾರ್ಡನ್ನಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆರಳಿಗಿಂತ ಕತ್ತನ್ನೇ ಹೆಚ್ಚು ಹೊತ್ತು ನೋಡಿದರು. ರಕ್ತ ಪರೀಕ್ಷೆಗೆಂದು ಬೊಂಬಾಯಿಗೆ ಹೋಯಿತು.

ವರದಿ ಬಂದ ದಿನ ಇಬ್ಬರನ್ನೂ ಕೂರಿಸಿ ವಿವರಿಸಿದರು. ಇದು ಕೊರತೆಯ ಗಳಗಂಡವಲ್ಲ. ರೋಗಾಣುಗಳ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ಥೈರಾಯಿಡ್ ಗ್ರಂಥಿಯನ್ನೇ ಹೊರಗಿನದೆಂದು ತಿಳಿದು ಒಳಗೆ ಸೇರಿಕೊಂಡಿವೆ, ಊತ ಅದರಿಂದ. ಗ್ರಂಥಿಯ ವಿರುದ್ಧವೇ ತಯಾರಾದ ಪ್ರತಿಕಾಯಗಳು ರಕ್ತದಲ್ಲಿ ಸಿಕ್ಕಿವೆ. ಗ್ರಂಥಿ ಹಾಳಾದಷ್ಟೂ ಹಾರ್ಮೋನು ಕಡಿಮೆ. ಚಳಿ, ನಿದ್ದೆ ಎಲ್ಲ ಅದಕ್ಕೇ. ಯಾಕೆ ಶುರುವಾಗುತ್ತದೋ ಪೂರ್ತಿ ಗೊತ್ತಿಲ್ಲ. ಇನ್ನು ಜೀವನಪೂರ್ತಿ ಮಾತ್ರೆ. ಆಮೇಲೆ ಕನ್ನಡಕ ತೆಗೆದು ಕೇಳಿದರು:

"ಏನಮ್ಮ, ಅಯೋಡಿನ್ ಏನಾದ್ರೂ ತಗೊಂಡ್ರಾ? ಈ ಕಾಯಿಲೆಗೆ ಅದು ಬೆಂಕಿಗೆ ತುಪ್ಪ ಸುರಿದ ಹಾಗೆ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ತಗೊಂಡೆ ಡಾಕ್ಟ್ರೇ," ಎಂದರು ಅತ್ತಿಗೆ. "ನಾನೇ. ಎಲ್ಲೋ ಓದಿದ್ದೆ."

ಓದಿದವರ ಹಾಗೆ ಆಡಬೇಡಿ ಎಂದು ಡಾಕ್ಟರು ಚೆನ್ನಾಗಿ ಬೈದರು. ಅತ್ತಿಗೆ ತಲೆತಗ್ಗಿಸಿ ಕೇಳಿಸಿಕೊಂಡರು. ನನಗೆ ಸೇರಬೇಕಾದ ಬೈಗುಳ ಅದು, ಪಕ್ಕದಲ್ಲಿ ಕೂತು ನಾನೂ ಕೇಳಿಸಿಕೊಂಡೆ. ಹಾಳು ಬಾಯಿ, ಕ್ಲಾಸಿನಲ್ಲಿ ಗಂಟೆಗಟ್ಟಲೆ ಆಡುವಂಥದ್ದು, ಅಲ್ಲಿ ತೆರೆಯಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ, ಡಾಕ್ಟರು ಹೇಳಿದ್ದು ಅರ್ಥವಾಗಲಿಲ್ಲ, ನೀನು ಬಿಡಿಸಿ ಹೇಳು ಎಂದರು ಅತ್ತಿಗೆ. ಇಷ್ಟೆಲ್ಲ ಆದಮೇಲೂ ನನ್ನನ್ನೇ ಕೇಳಿದರು. ಹೇಳಿದೆ. ಮೈಯನ್ನು ಕಾಯಬೇಕಾದ ಕಣಗಳು, ಅವುಗಳ ತಪ್ಪು ತಿಳಿವಳಿಕೆ, ಅವು ಗ್ರಂಥಿಗೆ ಮಾಡುವ ಹಾನಿ. ಅತ್ತಿಗೆ ಗಾಯದ ಗುರುತಿದ್ದ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಕೊಂಕಿಲ್ಲದ ದನಿಯಲ್ಲಿ ಹೇಳಿದರು:

"ಪಾಪ, ಅವಕ್ಕೂ ಒಳ್ಳೇದೇ ಮಾಡ್ತಿದೀವಿ ಅನ್ಸಿರುತ್ತೆ."

ಆಗಲಾದರೂ ತಪ್ಪಾಯಿತು ಎನ್ನಬೇಕಿತ್ತು. ಜಯನಗರದ ನಾಲ್ಕನೇ ಬ್ಲಾಕ್ ಬಂತು. ಮಾತ್ರೆಯ ಚೀಲ ನಾನು ಹಿಡಿದುಕೊಂಡು, ಅವರ ಹಿಂದೆ ಇಳಿದೆ.