ಸೂಜಿ ನಿಂತ ಕಾರಣ

ದೂರದ ಓಟ ಓಡುವವರ ಉಸಿರು, ರಕ್ತ, ಎದೆಬಡಿತ ಅಳೆಯುವುದು, ಅದನ್ನೇ ವಿಶ್ವವಿದ್ಯಾಲಯದ ಹುಡುಗರಿಗೆ ಕಲಿಸುವುದು ಅವಳ ಕೆಲಸ. ಓಟಗಾರರನ್ನು ಟ್ರೆಡ್‌ಮಿಲ್ ಹತ್ತಿಸಿ, ಮೂಗು ಬಾಯಿಗೆ ಮಾಸ್ಕ್ ಬಿಗಿದು, ‘ಇನ್ನಾಗಲ್ಲ’ ಅನ್ನುವವರೆಗೂ ವೇಗ ಏರಿಸುತ್ತಾ ಹೋಗುತ್ತಾಳೆ. ಯಾರಾದರೂ ಬೇಗ ನಿಂತರೆ ಒಂದು ಮಾತು ಸಿದ್ಧವಿರುತ್ತಿತ್ತು: “ಮೊದಲು ನಿಲ್ಲೋದು ಕಾಲಲ್ಲ, ಮನಸ್ಸು!” ಹುಡುಗರು ಕ್ಯಾಂಟೀನಿನಲ್ಲಿ ಅವಳ ಹಾಗೇ ಬೆರಳು ಎತ್ತಿ ಅದನ್ನು ಅಣಕಿಸುತ್ತಿದ್ದರು.

ಅವಳು ತುಂಬು ಬಸುರಿಯಾಗಿದ್ದಾಗ ಸೂಜಿ ಎಂಬ ಓಟಗಾರ್ತಿ ಪರೀಕ್ಷೆಗೆ ಬಂದಿದ್ದಳು. ಎಂಥ ಗುಂಪಿನಲ್ಲೂ ತೂರಿಕೊಂಡು ಮುಂದೆ ಹೋಗುತ್ತಾಳೆಂದು ತರಬೇತುದಾರರು ಇಟ್ಟ ಹೆಸರು ಅದು. ಸೂಜಿಯೂ ಮಗು ಹೆತ್ತು ಆಗಷ್ಟೇ ಮೈದಾನಕ್ಕೆ ಮರಳಿದ್ದಳು. ಬಿರುಬೇಸಗೆಯಲ್ಲೂ ಸೊಂಟಕ್ಕೊಂದು ಸ್ವೆಟರ್ ಕಟ್ಟಿಕೊಂಡಿದ್ದಳು. ವೇಗ ಇನ್ನೇನು ಹದಕ್ಕೆ ಬಂತು ಅನ್ನುವಾಗ ಗಕ್ಕನೆ ನಿಂತುಬಿಟ್ಟಳು.

“ಮೇಡಂ, ಒಂದ್ಸಲ ಬಾತ್ರೂಮಿಗೆ…”

“ಈಗ್ತಾನೆ ಹೋಗಿ ಬಂದೆಯಲ್ಲಮ್ಮ! ನೆಪ ಹುಡುಕ್ಬೇಡ.”

ಸೂಜಿ ಅವಳ ಹೊಟ್ಟೆಯನ್ನೊಮ್ಮೆ ನೋಡಿ ಮತ್ತೆ ಟ್ರೆಡ್‌ಮಿಲ್ ಹತ್ತಿದಳು. ಎರಡನೇ ಸಲವೂ ಹಾಗೇ ಆಯಿತು. “ದಮ್ಮಿದೆ ಸರ್, ಛಲ ಇಲ್ಲ,” ಎಂದು ತರಬೇತುದಾರರಿಗೆ ಹೇಳಿದವಳು ಇವಳೇ. ಅವರು ಸೂಜಿಯನ್ನು ತಂಡದಿಂದ ಕೈಬಿಟ್ಟರು.

ಇವಳು ಹೆರಿಗೆ ರಜೆ ಮುಗಿಸಿ ಬಂದ ಹೊಸದರಲ್ಲಿ ಒಂದು ದಿನ, ತರಗತಿಗೆ ಓಡಿ ತೋರಿಸಬೇಕಾಗಿದ್ದ ಹುಡುಗಿ ಜ್ವರ ಬಂದು ಮಲಗಿದ್ದಳು. “ನಾನೇ ಹತ್ತೀನಿ ಬಿಡಿ,” ಎಂದು ಇವಳು ಶೂ ಬಿಗಿದಳು. ಹುಡುಗರು ಶಿಳ್ಳೆ ಹೊಡೆದರು. ಉಸಿರು ಚೆನ್ನಾಗಿತ್ತು, ಕಾಲೂ ಹಗುರಾಗಿತ್ತು. ವೇಗ ಏರಿಸಿದ ಮೇಲೆ ಪ್ರತಿ ಹೆಜ್ಜೆಗೂ ಒಳಗೆ ಏನೋ ಸಡಿಲವಾದಂತಾಗಿ, ಬಿಗಿ ಹಿಡಿದಷ್ಟೂ ಜಾರಿ, ತೊಡೆಯ ಮೇಲೆ ಬಿಸಿಯಾಗಿ ಇಳಿಯಿತು. ಕೆಂಪು ಗುಂಡಿ ಒತ್ತಿದಳು.

“ಏನ್ ಮೇಡಂ, ಮನಸ್ಸು ನಿಂತೋಯ್ತಾ?” ಹಿಂದಿನ ಬೆಂಚಿನಿಂದ ಕೂಗು ಬಂತು. ಎಲ್ಲರೂ ಗೊಳ್ಳೆಂದರು. ಅವಳೂ ನಕ್ಕಳು. ನಗುತ್ತಲೇ ಜಾಕೆಟ್ಟನ್ನು ಸೊಂಟಕ್ಕೆ ಸುತ್ತಿಕೊಂಡಳು. ತೋಳುಗಳನ್ನು ಗಂಟು ಹಾಕುತ್ತಿದ್ದ ಹಾಗೇ ಸೂಜಿಯ ಸ್ವೆಟರ್ ನೆನಪಾಯಿತು. ಮುಖ ಕಾದ ಬಾಣಲೆಯಾಯಿತು. ಹೆತ್ತ ಹೆಂಗಸರಿಗೆ ಓಡುವಾಗ ಹೀಗೆ ಮೂತ್ರ ಜಾರಬಹುದೆಂದು ಪಠ್ಯಪುಸ್ತಕದಲ್ಲೇ ಒಂದು ಪ್ಯಾರಾ ಇತ್ತು. “ಇದು ಪರೀಕ್ಷೆಗೆ ಬರಲ್ಲ” ಎಂದು ಪ್ರತಿ ವರ್ಷ ಅದನ್ನು ಹಾರಿಸುತ್ತಿದ್ದವಳೂ ತಾನೇ.

ಮನೆಗೆ ಬಂದು, ಮಗುವಿನ ಬಟ್ಟೆಗಳ ಜೊತೆ ತನ್ನ ಒದ್ದೆ ಪ್ಯಾಂಟನ್ನೂ ನೆನೆಹಾಕಿದಳು. ಅಮ್ಮ ಬಕೆಟ್ಟಿನೊಳಗೆ ಇಣುಕಿದರು.

“ನಿನ್ನ ಹೆತ್ತ ಮೇಲೆ ನನಗೂ ಹಾಗೇ. ಕೆಮ್ಮೋಕೂ ಹೆದರ್ತಿದ್ದೆ.”

“ಒಂದ್ ಮಾತು ಹೇಳ್ಬಾರ್ದಿತ್ತಾ ಅಮ್ಮ?”

“ಇಂಥದ್ದನ್ನ ಡಂಗುರ ಹೊಡ್ಕೊಂಡು ತಿರುಗ್ತಾರೇನೇ?”

ವಾರ ಕಳೆದರೆ ಹೊಸ ತಂಡ ಪಕ್ಕಾ ಆಗಿಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದಳು. ಸೂಜಿ ಬೇಲಿಯ ಪಕ್ಕ ಒಬ್ಬಳೇ ಓಡುತ್ತಿದ್ದಳು. ಇವಳು ತಡವರಿಸುತ್ತಾ ಎಲ್ಲ ಹೇಳಿದಳು. ಸೂಜಿ ಶೂ ಲೇಸ್ ಬಿಚ್ಚಿದಳು, ಮತ್ತೆ ಕಟ್ಟಿದಳು.

“ಓಡೋಕೆ ಉಸಿರು ಸಾಕಿತ್ತು ಮೇಡಂ. ಬಿಗಿ ಹಿಡ್ಕೊಳ್ಳೋಕೆ ಸಾಕಾಗ್ಲಿಲ್ಲ.”

“ಸರ್ ಹತ್ರ ಮಾತಾಡ್ತೀನಿ.”

“ಮಾತಾಡಿ. ಆದ್ರೆ ನನ್ನ ವಿಷಯ ಅವ್ರಿಗೆ ಗೊತ್ತಾಗೋದು ಬೇಡ. ನಾಳೆ ಇದೇ ಮೈದಾನದಲ್ಲಿ ನಾನು ಓಡ್ಬೇಕು.”

ತರಬೇತುದಾರರ ಕೋಣೆಯಲ್ಲಿ ಹಳೇ ಶೂಗಳ ವಾಸನೆ. “ನೀವೇ ಛಲ ಇಲ್ಲ ಅಂದ್ರಿ. ಈಗ ಮತ್ತೆ ಪರೀಕ್ಷೆ ಅಂತೀರಿ. ಕಾರಣ ಬೇಡ್ವಾ ಮೇಡಂ?”

ಯಂತ್ರ ಕೆಟ್ಟಿತ್ತು ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂತು. ಆದರೆ ಹಾಗಂದರೆ ಮುಂದೆ ಮಗು ಹೆತ್ತು ಬರುವವರನ್ನೂ ಇದೇ ಬಾಗಿಲಿನಿಂದ ಆಚೆ ಹಾಕಿದ ಹಾಗೆ.

“ಮಗು ಹೆತ್ತು ಬಂದವರನ್ನ ಓಡಿಸೋಕೆ ಮೊದ್ಲು ಕೇಳ್ಬೇಕಾದ ಒಂದು ಪ್ರಶ್ನೆ ಇದೆ. ನಾನು ಯಾರನ್ನೂ ಕೇಳ್ಲಿಲ್ಲ ಸರ್. ಮೊನ್ನೆ ತರಗತಿ ಎದುರಿಗೆ ಓಡ್ತಾ… ಓಡ್ತಾ ನನ್ನ ಬಟ್ಟೆ ಒದ್ದೆಯಾಯ್ತು. ಅದಕ್ಕೇ ನಿಂತೆ. ಛಲ ಇಲ್ದೆ ಅಲ್ಲ.”

ಅವರು ಕೊರಳಿನ ಸೀಟಿಯನ್ನು ಸುಮ್ಮನೆ ತಿರುಗಿಸಿದರು. “ಶುಕ್ರವಾರ ಮಾಡಿ,” ಅಂದರು.

ಶುಕ್ರವಾರ ಹುಡುಗರನ್ನೆಲ್ಲ ಆಚೆ ಕಳಿಸಿ, ಬಾಗಿಲಿನ ಗಾಜಿಗೆ ಮಗುವಿನ ಹೊದಿಕೆ ಇಳಿಬಿಟ್ಟಳು. ಪ್ಯಾಡು, ಟವೆಲ್ಲು, ಕಪ್ಪು ಪ್ಯಾಂಟು ತೆಗೆದಿಟ್ಟಳು. ಫಿಸಿಯೋಥೆರಪಿ ಕಲಿಸುವ ಅಕ್ಕನ ಹತ್ತಿರ ಇಬ್ಬರಿಗೂ ಸಮಯ ಕೇಳಿಟ್ಟಿದ್ದಳು.

“ಏನಾದ್ರೂ ಆದ್ರೆ ಆಗ್ಲಿ, ಒರೆಸೋಕೆ ನಾನಿದೀನಿ.”

ಸೂಜಿ ನಗಲಿಲ್ಲ. ಓಡಿದಳು. ಹಿಂದೆ ಎರಡು ಸಲ ನಿಂತಿದ್ದ ವೇಗ ಬಂತು, ದಾಟಿತು. ಇವಳು ಎಂದಿನಂತೆ ಬೆರಳೆತ್ತಿ ಕೂಗಲಿಲ್ಲ. ಕೊನೆಗೆ ನಿಜವಾಗಿ ಆಗದೆ ಸೂಜಿ ಕೈ ಎತ್ತಿದಾಗ ಇವಳು ಮಾಸ್ಕ್ ಬಿಚ್ಚಿ, ಕಣ್ಣು ತಗ್ಗಿಸಿ ಟವೆಲ್ ಚಾಚಿದಳು.

“ಸಾಕಾ ಮೇಡಂ?”

“ತಂಡಕ್ಕೆ ಬೇಕಾದ್ದಕ್ಕಿಂತ ಜಾಸ್ತೀನೇ ಇದೆಯಮ್ಮ.”

“ಅವತ್ತೂ ಇತ್ತು,” ಅಂದಳು ಸೂಜಿ, ಟವೆಲ್ ತಗೊಂಡು.