ಫ್ಯಾನಿನ ಕೆಳಗಿಟ್ಟ ನೀರು

ನೌಪಾಡಾದ ಅಪ್ಪನ ಹೋಟೆಲಿನಲ್ಲಿ ಚಟ್ನಿ ಹಳಸಿದ್ದರೆ ರತ್ನಾವತಿಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅಂಥ ಮೂಗು ಅವಳದು. ಎಮ್ಮೆಸ್ಸಿ ಮುಗಿಸಿ ಘಣಸೋಲಿಯ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳ ಆಯುಧ ಒಂದು ಸೂಜಿ, ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಎಳೆ. ಪುಟ್ಟ ಸೀಸೆಗೆ ಅರ್ಧದಷ್ಟು ಸುರಿದು ಬಿಗಿಯಾಗಿ ಮುಚ್ಚಿದ ನೀರನ್ನು ಬಿಸಿಮಾಡಿ, ಮುಚ್ಚಳದ ರಬ್ಬರಿಗೆ ಸೂಜಿ ಚುಚ್ಚಿ, ಎಳೆಯನ್ನು ಆವಿಯಲ್ಲಿ ಇಳಿಬಿಟ್ಟರೆ ನೀರಿನಲ್ಲಿ ಅಡಗಿದ ಕೆಮಿಕಲ್ ಬಂದು ಅಂಟುತ್ತದೆ. ಏನು ಅಂಟಿತೆಂದು ಮಷೀನು ಹೇಳುತ್ತದೆ.

2012ರ ಬೇಸಿಗೆಯಲ್ಲಿ ಡೊಂಬಿವಲಿಯ ಕಾರ್ಖಾನೆಗಳ ಬೆನ್ನಿಗಿರುವ ಚಾಳಿನಿಂದ ಸಾಬವ್ವ ಬಂದಳು. ಕಲಬುರ್ಗಿ ಕಡೆಯ ಗಾರೆ ಕೆಲಸದವಳು. ಬೋರಿಂಗ್ ನೀರು ಘಾಟು ಹೊಡೆಯುತ್ತದೆ, ಮೊಮ್ಮಗಳಿಗೆ ಕುಡಿಸಬಹುದೋ ಬಾರದೋ ನೋಡಿ ಹೇಳಿ ಎಂದಳು. ರತ್ನಾವತಿ ಹೇಳಿಕೊಟ್ಟಂತೆ ಗಾಳಿಗೆ ಎಡೆಯಿಲ್ಲದ ಹಾಗೆ ಸೀಸೆ ತುಂಬಿ ತಂದುಕೊಟ್ಟಳು.

ಲ್ಯಾಬಿನ ಮಾಲೀಕ ಲೀಲಾಧರನಿಗೆ ಆ ಚಾಳಿನ ಪಕ್ಕದ ಕಾರ್ಖಾನೆಯೇ ದೊಡ್ಡ ಗಿರಾಕಿ. ಸುಳ್ಳು ಬರೆ ಎನ್ನುವಷ್ಟು ದಡ್ಡ ಅವನಲ್ಲ. ನೀರನ್ನು ಅಗಲವಾದ ಪಾತ್ರೆಗೆ ಸುರಿದು ಅರ್ಧ ದಿನ ಫ್ಯಾನಿನ ಕೆಳಗಿಟ್ಟ. ಹಾರಬೇಕಾದ ಕೆಮಿಕಲ್ ಎಲ್ಲ ಗಾಳಿಗೆ ಹಾರಿಹೋಯಿತು.

"ಈಗ ಟೆಸ್ಟ್ ಮಾಡು ಮಾರಾಯ್ತಿ. ಮಷೀನ್ ಸುಳ್ಳು ಹೇಳುದಿಲ್ಲ ಅಲ್ವಾ?"

ಊರಿನವನು, ಕೆಲಸ ಕೊಟ್ಟವನು; ಉಂಡ ಮನೆಗೆ ಎರಡು ಬಗೆಯಬಾರದಂತೆ! ರತ್ನಾವತಿ ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂಬುದರ ಕೆಳಗೆ ಸಹಿ ಹಾಕಿದಳು. ನೀರು ಚೆನ್ನಾಗಿದೆಯೆಂದು ಸಾಬವ್ವನಿಗೆ ಫೋನನ್ನೂ ಅವಳಿಂದಲೇ ಮಾಡಿಸಿದ ಪುಣ್ಯಾತ್ಮ. ಅಂದು ಊಟಕ್ಕೆ ಕೂತರೆ ತನ್ನ ಬೆರಳನ್ನು ಬಾಯಿಗೆ ಒಯ್ಯಲೂ ಅವಳಿಗೆ ಹೇಸಿಗೆಯಾಯಿತು.

ಮರುದಿನ ವರದಿಯ ಕಾಗದ ಒಯ್ಯಲು ಬಂದ ಸಾಬವ್ವನ ಮುಖ ಅರಳಿತ್ತು. ಒದ್ದೆ ಬಟ್ಟೆ ಸುತ್ತಿದ ಬಾಟಲಿ ತೆಗೆದು ತಾನೊಂದು ಗುಟುಕು ಕುಡಿದು, ಬಿಸಿಲು ಬಾಳ ಅದ, ನೀವೂ ಕುಡೀರಿ ಎಂದು ಚಾಚಿದಳು. ಘಾಟು ಮೂಗಿಗೆ ಹೊಡೆದದ್ದೇ ರತ್ನಾವತಿ ಸೆರಗು ಮುಚ್ಚಿಕೊಂಡು ಹಿಂದೆ ಸರಿದಳು.

ಸಾಬವ್ವನ ಕೈ ಮೆಲ್ಲಗೆ ಕೆಳಗಿಳಿಯಿತು. "ನಮ್ಮ ಕೈ ನೀರ ನೀವು ಕುಡಿಯಂಗಿಲ್ಲೇನ್ರೀ ಅಕ್ಕಾರ?"

ಲೀಲಾಧರ ಗಾಜಿನ ಆಚೆಯಿಂದ ನೋಡುತ್ತಿದ್ದ. ರತ್ನಾವತಿ ಹೂಂ ಎಂದಿದ್ದರೆ ಕೆಲಸ ಉಳಿಯುತ್ತಿತ್ತು. ಜಾತಿಯ ಹೊಲಸಿನ ಹಿಂದೆ ಈ ಹೊಲಸನ್ನೂ ಬಚ್ಚಿಡುವುದೇ? ಅವಳು ಮೂಗಿನ ಸೆರಗು ತೆಗೆದು ಮುಂದೆ ಬಂದಳು.

"ನಿಮ್ಮ ಕೈಗೆ ಏನೂ ಆಗಿಲ್ಲಮ್ಮ. ಈ ಕಾಗದವೇ ಮೋಸ. ನೀರಿನಲ್ಲಿ ವಿಷ ಉಂಟು, ಮಗುವಿಗೆ ಕೊಡಬೇಡಿ."

ಸಾಬವ್ವ ಬಾಟಲಿಯನ್ನು ನೋಡಿದಳು, ಅವಳನ್ನು ನೋಡಿದಳು.

"ನಿನ್ನಿ ನೀವು ಫೋನ್ ಮಾಡಿದ ಕೂಡ್ಲೇ ಕುಡಿಸೀನ್ರೀ," ಎಂದಳು.